ಒಮಾಹಾ ಎಂಬ ಎಲೆಯಾಟವೂ ಅದರ ಅರ್ಧಪಾಲಿನ ನಿಯಮವೂ

ಎಲೆಯಾಟದ ನಿಯಮಗಳನ್ನು ಚರಿತ್ರೆಯ ವಸ್ತುವೆಂದು ಗಣಿಸುವುದು ನಮ್ಮಲ್ಲಿ ವಾಡಿಕೆಯಲ್ಲ. ಆದರೂ ಒಂದು ಆಟಕ್ಕೆ ಯಾವ ನಿಯಮವು ಯಾವಾಗ ಸೇರಿತು, ಸೇರಿದ್ದರಿಂದ ಆದ ಫಲವೇನು ಎಂದು ವಿಚಾರಿಸಹೊರಟರೆ, ಆಡುವವರ ಆಶೆಯೂ ಆಡಿಸುವವರ ಜಾಣ್ಮೆಯೂ ಅಲ್ಲಿ ಚೆನ್ನಾಗಿ ಕಾಣಬರುವುವು. ಅಮೆರಿಕದ ಪೋಕರ್ ಆಟದ ಶಾಖೆಯಾದ ಒಮಾಹಾ ಮತ್ತು ಅದರಿಂದ ಹುಟ್ಟಿದ ‘ಮೇಲು-ಕೀಳು’ ಆಟ ಇದಕ್ಕೆ ಒಳ್ಳೆಯ ನಿದರ್ಶನಗಳು.

ಪೋಕರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿಯೂ ಮಿಸಿಸಿಪ್ಪಿ ನದಿಯ ಉಗಿಹಡಗುಗಳಲ್ಲಿಯೂ ಬೆಳೆಯಿತು. ಜೋ ಕೊವೆಲ್ ಎಂಬ ಇಂಗ್ಲಿಷ್ ನಟನು ೧೮೨೯ರಲ್ಲಿ ಅಂತಹ ಹಡಗೊಂದರಲ್ಲಿ ಕಂಡ ಆಟವನ್ನು, ೧೮೪೪ರಲ್ಲಿ ಪ್ರಕಟವಾದ ತನ್ನ ಸ್ಮರಣೆಗಳಲ್ಲಿ ವರ್ಣಿಸಿದ್ದಾನೆ. ಆಗಿನ ಕಟ್ಟಿನಲ್ಲಿ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಎಂಬ ಇಪ್ಪತ್ತೇ ಎಲೆಗಳು. ನಾಲ್ವರಿಗೆ ಐದೈದರಂತೆ ಹಂಚಿದರೆ ಕಟ್ಟು ಬರಿದು; ಕೈಗೆ ಬಂದದ್ದೇ ಬಂತು, ಬದಲಾಯಿಸುವಂತಿಲ್ಲ. ಬಳಿಕ ೫೨ ಎಲೆಗಳ ಪೂರ್ಣ ಕಟ್ಟು ಬಂದಿತು; ಶತಮಾನದ ಮಧ್ಯಕಾಲದ ಹೊತ್ತಿಗೆ ಬೇಡದ ಎಲೆಯನ್ನು ಬಿಸುಟು ಹೊಸದನ್ನು ಪಡೆಯುವ ಕ್ರಮವೂ ಸೇರಿತು. ಈ ತಿದ್ದುಪಾಟುಗಳ ಫಲವೆಲ್ಲ ಒಂದೇ ಎಂದು ನನಗೆ ತೋರುತ್ತದೆ. ಕೆಟ್ಟ ಕೈ ಬಂದವನೂ ಎದ್ದುಹೋಗದೆ, ಮುಂದೇನಾದರೂ ಕೂಡಿಬಂದೀತೆಂದು ಇನ್ನಷ್ಟು ಹಣವಿಟ್ಟು ಕುಳಿತಿರುವನು.

ಇಪ್ಪತ್ತನೆಯ ಶತಮಾನದಲ್ಲಿ ಟೆಕ್ಸಾಸ್ ಸೀಮೆಯಿಂದ ಹೋಲ್ಡೆಮ್ ಎಂಬ ಆಟ ಹೊರಟಿತು. ರಾಬ್ಸ್‌ಟೌನ್ ಎಂಬ ಊರೇ ಅದರ ಜನ್ಮಸ್ಥಳವೆಂದು ಟೆಕ್ಸಾಸಿನ ಶಾಸನಸಭೆಯು ೨೦೦೭ರಲ್ಲಿ ಮನ್ನಿಸಿತು. (ಶಾಸನಸಭೆಗೆ ಇಂತಹ ಕೆಲಸವೂ ಉಂಟು!) ಅದರಲ್ಲಿ ಒಬ್ಬೊಬ್ಬನಿಗೆ ಎರಡೇ ಗುಪ್ತವಾದ ಎಲೆ, ಮೇಜಿನ ಮೇಲೆ ಹಾಸುವ ಐದು ಎಲೆಗಳು ಎಲ್ಲರಿಗೂ ಸಾಮಾನ್ಯ. ೧೯೬೦ರ ದಶಕದಲ್ಲಿ ಅದು ಲಾಸ್ ವೇಗಾಸ್ ಸೇರಿ ಹೆಸರಾಯಿತು. ೧೯೮೦ರ ದಶಕದ ಆದಿಯಲ್ಲಿ ರಾಬರ್ಟ್ ಟರ್ನರ್ ಎಂಬ ಆಟಗಾರನು ಅದೇ ಪಟ್ಟಣದ ಗೋಲ್ಡನ್ ನಗೆಟ್ ಜೂಜುಗೃಹದ ಬಿಲ್ ಬಾಯ್ಡ್ ಎಂಬುವನಿಗೆ ನಾಲ್ಕೆಲೆಯ ಆಟವೊಂದನ್ನು ತಿಳಿಸಿದನು. ಬಾಯ್ಡನು ಅದನ್ನು ‘ನಗೆಟ್ ಹೋಲ್ಡೆಮ್’ ಎಂಬ ಹೆಸರಿನಿಂದ ಆಡಿಸತೊಡಗಿದನು. ಇದೇ ಇಂದಿನ ಒಮಾಹಾ. ಹೆಸರು ಮಾತ್ರ ನೆಬ್ರಾಸ್ಕಾ ಸೀಮೆಯ ಪಟ್ಟಣದ್ದು.

ಇದರ ಕ್ರಮ ಹೀಗೆ. ಇಬ್ಬರು ಎಲೆ ನೋಡುವುದಕ್ಕೆ ಮೊದಲೇ ಗೊತ್ತಾದ ಪಣವನ್ನಿಡುವರು. ಪ್ರತಿಯೊಬ್ಬನಿಗೂ ನಾಲ್ಕು ಗುಪ್ತ ಎಲೆಗಳು. ಪಣವೊಡ್ಡುವ ಮೊದಲ ಸುತ್ತಾದ ಮೇಲೆ ಮೂರು ಎಲೆಗಳನ್ನು ಹಾಸುವರು, ಮತ್ತೊಂದು ಸುತ್ತು, ನಾಲ್ಕನೆಯ ಎಲೆ, ಸುತ್ತು, ಐದನೆಯ ಎಲೆ, ಕಡೆಯ ಸುತ್ತು. ಆಟದ ಜೀವವಿರುವುದು ಒಂದೇ ನಿಯಮದಲ್ಲಿ: ಕೈಯಿಂದ ಎರಡನ್ನೇ, ಹಾಸಿನಿಂದ ಮೂರನ್ನೇ ತೆಗೆದುಕೊಳ್ಳಬೇಕು, ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ಹೋಲ್ಡೆಮಿನಲ್ಲಿ ಈ ಕಟ್ಟಳೆಯಿಲ್ಲದಿರುವುದರಿಂದ ಅಲ್ಲಿಂದ ಬಂದವರು ಇಲ್ಲಿ ಎಡವುವರು. ಹಾಸಿನಲ್ಲಿ ನಾಲ್ಕು ಆಟೀನು ಬಿದ್ದು ಕೈಯಲ್ಲಿ ಆಟೀನಿನ ಎಕ್ಕವೊಂದೇ ಇದ್ದರೆ, ಒಂದೇ ಜಾತಿಯ ಐದೆಲೆ ಆಗಲಿಲ್ಲ. ನಾಲ್ಕು ಎಕ್ಕಗಳೂ ಒಬ್ಬನ ಕೈಗೇ ಬಂದರೆ ಅದು ಭಾಗ್ಯವೆಂದು ತೋರಬಹುದು. ಆದರೆ ಅದಕ್ಕೆ ಒಂದು ಜೋಡಿಯ ಬೆಲೆಯೇ ಹೊರತು ಬೇರಿಲ್ಲ, ಮೇಲಾಗಿ ಹಾಸಿನಲ್ಲಿ ಮತ್ತೊಂದು ಎಕ್ಕ ಬೀಳುವಂತೆಯೂ ಇಲ್ಲ. ನಾಲ್ಕೆಲೆಗಳಿಂದ ಎರಡೆರಡನ್ನು ಆರು ಬಗೆಯಲ್ಲಿ ಆಯಬಹುದಾದುದರಿಂದ, ಹೋಲ್ಡೆಮಿನಲ್ಲಿ ಒಂದು ಆಶೆಯಿದ್ದ ಕಡೆ ಇಲ್ಲಿ ಆರು.

ಅಷ್ಟು ಸಾಲದೆಂದೇ ಏನೋ, ಅರ್ಧಪಾಲಿನ ನಿಯಮ ಬಂದಿತು. ಪಣದ ರಾಶಿಯನ್ನು ಉತ್ತಮವಾದ ಕೈಗೂ ಅಧಮವಾದ ಕೈಗೂ ಹಂಚುವ ಪದ್ಧತಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಅಮೆರಿಕದ ಮನೆಯಾಟಗಳಲ್ಲಿತ್ತು. ಅದನ್ನು ಒಮಾಹಾಕ್ಕೂ ಹೊಂದಿಸಿದರು. ಕೀಳು ಕೈಗೆ ಎಂಟು ಅಥವಾ ಅದಕ್ಕೂ ಕೆಳಗಿನ, ಒಂದನ್ನೊಂದು ಹೋಲದ ಐದು ಎಲೆಗಳು ಬೇಕು. ಎಕ್ಕವನ್ನು ಇಲ್ಲಿ ಒಂದೆಂದೇ ಎಣಿಸುವರು. ಸಾಲು ಕೂಡಿದರೂ, ಒಂದೇ ಜಾತಿಯಾದರೂ ಬಾಧಕವಿಲ್ಲ. ಹೋಲಿಸುವಾಗ ದೊಡ್ಡ ಎಲೆಯಿಂದ ಮೊದಲುಮಾಡಬೇಕು. ಆದಕಾರಣ ೭-೬-೫-೪-೩ ಎಂಬುದು ೮-೪-೩-೨-೧ ಎಂಬುದನ್ನು ಗೆಲ್ಲುತ್ತದೆ. ಎಲ್ಲಕ್ಕಿಂತ ಶ್ರೇಷ್ಠವಾದ ಕೀಳು ೫-೪-೩-೨-೧. ಅದೇ ಸಾಲಾಗಿ ಮೇಲುಪಾಲನ್ನೂ ತಂದುಕೊಡಬಹುದು. ಮೇಲಿಗೆ ಎರಡು ಎಲೆ, ಕೀಳಿಗೆ ಬೇರೆ ಎರಡು ಎಲೆ ಬಳಸುವ ಸ್ವಾತಂತ್ರ್ಯವುಂಟು. ಹಾಸಿನಲ್ಲಿ ಎಂಟಕ್ಕೆ ಮೀರದ ಮೂರು ಬೇರೆ ಬೇರೆ ಎಲೆಗಳು ಬೀಳದಿದ್ದರೆ ಕೀಳೆಂಬುದೇ ಇಲ್ಲ, ರಾಶಿಯೆಲ್ಲ ಮೇಲಿನವನಿಗೆ.

ಅರ್ಧವಾದರೂ ಸಿಕ್ಕೀತೆಂಬ ಸಮಾಧಾನದಲ್ಲಿಯೇ ಮೋಸವಿರುವುದು. ಮೂವರು ನೂರು ನೂರು ಡಾಲರು ಇಟ್ಟರೆನ್ನಿ, ರಾಶಿ ೩೦೦. ಮೇಲಿನವನು ೧೫೦ನ್ನು ಒಯ್ಯುವನು. ಉಳಿದಿಬ್ಬರ ಕೈಯಲ್ಲಿಯೂ ಎಕ್ಕ-ಎರಡು ಇದ್ದು ಕೀಳು ಸರಿಸಮವಾದರೆ ಒಬ್ಬೊಬ್ಬನಿಗೆ ೭೫. ಇಬ್ಬರೂ ‘ಗೆದ್ದವರು’, ಇಬ್ಬರಿಗೂ ೨೫ ಡಾಲರಿನ ನಷ್ಟ. ಎಕ್ಕ-ಎರಡು ಕೀಳಿಗೆ ಅತ್ಯುತ್ತಮವೆಂದು ಎಲ್ಲರೂ ಬಲ್ಲರಾದ್ದರಿಂದ ಅದನ್ನು ಹಿಡಿದು ಕೂರುವವರೂ ಬಹಳ. ಈ ಗತಿ ಅಪರೂಪವಲ್ಲ. ಇನ್ನು ಹಾಸಿನಲ್ಲಿಯೇ ಒಂದು ಎರಡು ಬಿದ್ದರೆ ಕೈಯ ಎರಡಕ್ಕೆ ಬೆಲೆಯಿಲ್ಲವಾಗುತ್ತದೆ. ನುರಿತವರು ಎಕ್ಕ-ಎರಡರ ಜೊತೆಗೆ ಮೂರೊಂದನ್ನು ಬಯಸುವುದು ಇದಕ್ಕಾಗಿ. ಅವರ ಗುರಿ ಅರ್ಧವಲ್ಲ, ಎರಡು ಪಾಲೂ. ಹೊಸಬರು ಅರ್ಧಕ್ಕೆ ಆಶಿಸಿ ಕಾಲನ್ನು ಪಡೆಯುವರು.

ಇಷ್ಟು ಲೆಕ್ಕಾಚಾರವಿರುವಲ್ಲಿ ಇದು ಅದೃಷ್ಟದ ಆಟವೋ ಕುಶಲತೆಯ ಆಟವೋ ಎಂಬ ವ್ಯಾಜ್ಯ ನಮ್ಮ ನಾಡಿಗೂ ಬಂದಿದೆ. ೧೯೬೩ರ ಕರ್ನಾಟಕ ಪೋಲೀಸು ಕಾಯಿದೆಯು ಕುಶಲತೆಯ ಆಟಗಳನ್ನು ಜೂಜಿನಿಂದ ಹೊರಗಿರಿಸಿತ್ತು. ೨೦೨೧ರ ತಿದ್ದುಪಡಿಯು ಹಣವೊಡ್ಡಿದ ಅಂತರ್ಜಾಲದ ಆಟಗಳನ್ನು ಕುಶಲತೆಯವಾದರೂ ನಿಷೇಧಿಸಿತು. ಉಚ್ಚ ನ್ಯಾಯಾಲಯವು ೨೦೨೨ರ ಫೆಬ್ರವರಿ ೧೪ರಂದು ಆ ವಿಧಿಗಳನ್ನು ರದ್ದುಪಡಿಸಿತು. ೨೦೨೫ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಕಾಯಿದೆಯಾದರೋ, ಅಂತರ್ಜಾಲದಲ್ಲಿ ಹಣಕ್ಕಾಗಿ ಆಡುವ ಆಟ ಯಾವುದೇ ಆಗಲಿ, ಕುಶಲತೆ ಅದೃಷ್ಟಗಳೆಂಬ ಭೇದವನ್ನೇ ಎಣಿಸದೆ ನಿಷೇಧವನ್ನು ವಿಧಿಸಿದೆ.