ಜನರ ತೋಟ

ನಗರವರ್ಣನೆ ಮತ್ತು ಉದ್ಯಾನವರ್ಣನೆ, ಇವೆರಡಕ್ಕೂ ನಮ್ಮ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಸ್ಥಾನವುಂಟು. ಮೂವತ್ತು ವರ್ಷಗಳಿಗೂ ಮಿಕ್ಕು ತರಗತಿಯಲ್ಲಿ ಈ ವರ್ಣನೆಗಳನ್ನು ಪಾಠ ಹೇಳಿದವನು ನಾನು. ಆದರೆ ನಗರಕ್ಕೂ ಅದರ ಉದ್ಯಾನಕ್ಕೂ ನಡುವೆ ನಡೆಯುವ ವ್ಯಾಜ್ಯವನ್ನು ಯಾವ ಕವಿಯಾದರೂ ವರ್ಣಿಸಿದಂತೆ ನನಗೆ ನೆನಪಿಲ್ಲ. ಅಂಥದೊಂದು ವ್ಯಾಜ್ಯದ ಕಥೆಯನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಕಳೆದ ಮಾರ್ಚಿಯಲ್ಲಿ ನಾನೂ ನನ್ನ ಶ್ರೀಮತಿಯೂ ಕಾರಿನಲ್ಲಿ ಚೆನ್ನೈಗೆ ಹೊರಟೆವು. ಕಾರು ನಡೆಸಿದವಳು ಆಕೆ. ಹೊಸೂರು, ಕೃಷ್ಣಗಿರಿ, ಆಂಬೂರು, ವೆಲ್ಲೂರು ಎಂದು ಊರುಗಳ ಹೆಸರು ಓದಿ ಹೇಳುವ ಕೆಲಸವಷ್ಟೇ ನನ್ನದು. 1984ರಲ್ಲಿ ಮದುವೆಯಾದ ಹೊಸತರಲ್ಲಿ ನಾವು ಆ ಊರಿಗೆ ರೈಲಿನಲ್ಲಿ ಹೋಗಿದ್ದೆವು. ಆಗ ಅದು ಮದರಾಸು. ಸೆಂಟ್ರಲ್ ನಿಲ್ದಾಣದಲ್ಲಿ ಇಳಿದು, ಪಕ್ಕದಲ್ಲೇ ಇದ್ದ ಮೂರ್ ಮಾರ್ಕೆಟ್ಟಿನಲ್ಲಿ ನಾನು ಒಂದು ಹಳೆಯ ನಿಘಂಟನ್ನು ಕೊಂಡೆ. ಅದರ ಹಿಂದಿನ ಮೃಗಾಲಯದಲ್ಲಿ ಆಕೆ ಪಂಜರದ ಹುಲಿಯನ್ನು ಕಂಡು ಮರುಗಿದಳು. ಮರುವರ್ಷ, 1985ರ ಮೇ 30ರಂದು, ಮಾರ್ಕೆಟ್ಟು ಬೆಂಕಿಗೆ ಆಹುತಿಯಾಯಿತು. ಮೃಗಾಲಯವೂ ಅದೇ ವರ್ಷ ವಂಡಲೂರಿಗೆ ಹೋಯಿತು. ನಾವಿಬ್ಬರೂ ಅಂದು ಮರದ ನೆರಳಿನಲ್ಲಿ ಕುಳಿತು ಕಡಲೆಕಾಯಿ ತಿಂದ ಜಾಗ ಯಾವುದು ಎಂಬುದನ್ನು ನಲವತ್ತು ವರ್ಷಗಳ ಮೇಲೆ ಹುಡುಕುವ ಹಂಬಲ ಈ ಪ್ರಯಾಣದ ಹಿಂದಿತ್ತು.

ಹುಡುಕಾಟ ನನ್ನನ್ನು 1859ಕ್ಕೆ ಕರೆದೊಯ್ದಿತು. ಆ ವರ್ಷ ಸರ್ ಚಾರ್ಲ್ಸ್ ಟ್ರೆವೆಲಿಯನ್ ಮದರಾಸಿನ ಗವರ್ನರಾಗಿ ಬಂದ. ಕೋಟೆಯಾಚೆ ಕಿಕ್ಕಿರಿದು ವಾಸಿಸುತ್ತಿದ್ದ ದೇಶೀಯರ ಪೇಟೆ, ಅಂದಿನ ಬ್ಲ್ಯಾಕ್ ಟೌನ್, ಇಂದಿನ ಜಾರ್ಜ್ ಟೌನ್. ಅದರ ಮಗ್ಗುಲಲ್ಲೇ 116 ಎಕರೆ ನೆಲದಲ್ಲಿ ಆತ ಒಂದು ಉದ್ಯಾನವನ್ನು ಯೋಜಿಸಿದ. ಅದಕ್ಕೆ ಇಟ್ಟ ಹೆಸರು ಪೀಪಲ್ಸ್ ಪಾರ್ಕ್, ಜನರ ತೋಟ. ಅಲ್ಲಿ ಕೊಳಗಳಿದ್ದವು, ಗಾಡಿಯಲ್ಲಿ ಸುತ್ತಾಡುವ ದಾರಿಗಳಿದ್ದವು, ವಾದ್ಯವೃಂದಕ್ಕೊಂದು ಮಂಟಪವಿತ್ತು. ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯ 1855ರಲ್ಲಿ ವಸ್ತುಸಂಗ್ರಹಾಲಯದ ಆವರಣದಲ್ಲಿ ಆರಂಭಿಸಿದ್ದ ಮೃಗಾಲಯವೂ ಮುಂದೆ ಅಲ್ಲಿಗೇ ಬಂತು. ಟ್ರೆವೆಲಿಯನ್ ತನ್ನ ತೋಟದ ನೆರಳನ್ನು ಕಾಣುವಷ್ಟು ಕಾಲ ಇಲ್ಲಿರಲಿಲ್ಲ. ಆದಾಯ ತೆರಿಗೆಯ ಯೋಜನೆಯನ್ನು ಬಹಿರಂಗವಾಗಿ ವಿರೋಧಿಸಿದ್ದಕ್ಕಾಗಿ 1860ರಲ್ಲೇ ಅವನನ್ನು ಹಿಂದಕ್ಕೆ ಕರೆಸಿಕೊಂಡರು.

ಆಮೇಲಿನದು ತೋಟ ಕರಗಿದ ಕಥೆ. ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಯಾವ ಕಳ್ಳನೂ ಆ ನೆಲವನ್ನು ಕದಿಯಲಿಲ್ಲ. ಬಂದವರೆಲ್ಲರೂ ಸತ್ಕಾರ್ಯಕ್ಕಾಗಿಯೇ ಬಂದರು. 1880ರ ದಶಕದಲ್ಲಿ ಸಭೆ ನಾಟಕಗಳಿಗೆಂದು ವಿಕ್ಟೋರಿಯಾ ಪಬ್ಲಿಕ್ ಹಾಲ್ ಎದ್ದಿತು. ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಬೇಕಾದ ಮೂರ್ ಮಾರ್ಕೆಟ್ಟು 1900ರಲ್ಲಿ ತೆರೆಯಿತು. ಸ್ಥಳೀಯ ಸ್ವಯಮಾಡಳಿತಕ್ಕೆ ನಾಂದಿ ಹಾಡಿದ ವೈಸರಾಯ್ ರಿಪನ್ನನ ಹೆಸರಿನಲ್ಲಿ ನಗರಸಭೆಯ ಬೆಳ್ಳನೆಯ ಸೌಧ 1913ರಲ್ಲಿ ಸಿದ್ಧವಾಯಿತು. ಮುಂದೆ ಕ್ರೀಡಾಂಗಣ ಬಂತು. 1956ರ ಜನವರಿಯಲ್ಲಿ ವಿನೂ ಮಂಕಡ್ ಮತ್ತು ಪಂಕಜ್ ರಾಯ್ ಮೊದಲ ವಿಕೆಟ್ಟಿಗೆ 413 ಓಟಗಳನ್ನು ಗಳಿಸಿದ್ದು ಅಲ್ಲಿಯೇ. ಕಲೆ, ವ್ಯಾಪಾರ, ಸ್ವರಾಜ್ಯ, ಕ್ರೀಡೆ: ಇವುಗಳಲ್ಲಿ ಯಾವುದನ್ನು ಬೇಡವೆನ್ನೋಣ? ಮಾರ್ಕೆಟ್ಟು ಸುಟ್ಟುಹೋದ ಜಾಗದಲ್ಲಿ ಉಪನಗರ ರೈಲುಗಳ ನಿಲ್ದಾಣ ಬಂತು. ನೆಲೆ ತಪ್ಪಿದ ಅಂಗಡಿಕಾರರಿಗಾಗಿ ಕಟ್ಟಿದ ಸಂಕೀರ್ಣಕ್ಕೆ ಅಲ್ಲಿಕ್ಕುಳಂ ಎಂದು ಹೆಸರು. ತಮಿಳಿನ 'ಅಲ್ಲಿ' ಎಂದರೆ ನೈದಿಲೆ. 'ಕುಳಂ' ಎಂಬುದು ನಮ್ಮ 'ಕೊಳ'ವೇ. ನೈದಿಲೆಯ ಕೊಳವಿದ್ದ ತಾಣದಲ್ಲಿ ಅಂಗಡಿಗಳು ನಿಂತವು, ಕೊಳ ಹೆಸರಿನಲ್ಲಿ ಮಾತ್ರ ಉಳಿಯಿತು. ಶಬ್ದಗಳ ಬೆನ್ನು ಹತ್ತಿದ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶಿಲಾಶಾಸನ ಬೇಕೆ?

ನೂರಹದಿನಾರು ಎಕರೆಯ ತೋಟದಲ್ಲಿ ಇಂದು ತೋಟವೆಂದು ಕರೆಯಬಹುದಾದ ಭಾಗ ಅತ್ಯಲ್ಪ. ಮೈ ಲೇಡೀಸ್ ಗಾರ್ಡನ್ ಎಂಬ ತುಣುಕೊಂದು ಉಳಿದಿದೆ. ಅಲ್ಲಿಯ ಕಲ್ಲುಬೆಂಚಿನ ಮೇಲೆ ನಾವು ಬೆವರೊರೆಸುತ್ತ ಕುಳಿತೆವು. ಕಡಲೆಕಾಯಿಯ ಜಾಗ ಕೊನೆಗೂ ಪತ್ತೆಯಾಗಲಿಲ್ಲ.

ಮರುದಿನ ಕೆಥೀಡ್ರಲ್ ರಸ್ತೆಗೆ ಹೋದೆವು. ಅಲ್ಲಿ ಕಥೆ ತಿರುವುಮುರುವು. ಉಡುಪಿಯ ಕಡೆಯ ಕಡಂದಲೆಯಿಂದ ಬರಿಗೈಯಲ್ಲಿ ಬಂದು ಮದರಾಸಿನಲ್ಲಿ ಹೆಸರು ಮಾಡಿದ ಕೆ. ಕೃಷ್ಣರಾಯರು 1962ರಲ್ಲಿ ಆ ರಸ್ತೆಯಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲನ್ನು ತೆರೆದರು. ದೊಡ್ಡ ಮರಗಳ ಕೆಳಗೆ ಕಾರು ನಿಲ್ಲಿಸಿದರೆ ಕಿಟಕಿಗೇ ತಟ್ಟೆ ಸಿಕ್ಕಿಸಿ ದೋಸೆ ಕಾಫಿ ಕೊಡುತ್ತಿದ್ದರು. 1984ರಲ್ಲಿ ನಮಗೆ ಕಾರಿರಲಿಲ್ಲ; ಒಳಗೆ ಕುಳಿತು ತಿಂಡಿ ತಿಂದು, ಕಾರಿನವರನ್ನು ನೋಡಿ ಬಂದೆವು. 2008ರಲ್ಲಿ ಆ ಹೋಟೆಲು ಮುಚ್ಚಿತು. 2010ರಲ್ಲಿ ಅದೇ ನೆಲದಲ್ಲಿ ಸರ್ಕಾರ ಒಂದು ಉದ್ಯಾನವನ್ನು ತೆರೆಯಿತು. ಅದರ ಹೆಸರು ಸೆಮ್ಮೊಳಿ ಪೂಂಗಾ, ಅಂದರೆ ಶಾಸ್ತ್ರೀಯ ಭಾಷೆಯ ಉದ್ಯಾನ. ತಮಿಳಿಗೆ 2004ರಲ್ಲಿ ಆ ಮನ್ನಣೆ ದೊರೆಯಿತು, ಕನ್ನಡಕ್ಕೆ 2008ರಲ್ಲಿ. ಭಾಷೆಗೆ ಬಂದ ಗೌರವವನ್ನು ಗಿಡಮರಗಳ ರೂಪದಲ್ಲಿ ಕೊಂಡಾಡಬಹುದೆಂಬುದು ನನಗೆ ಹೊಳೆದಿರಲಿಲ್ಲ. ಅಡಯಾರಿನ ಅಳಿವೆಯ ಬಳಿ ಕಸ ಕಟ್ಟಡಗಳ ಅವಶೇಷ ತುಂಬಿದ್ದ ಜೌಗನ್ನು ಶುದ್ಧಗೊಳಿಸಿ 2011ರಲ್ಲಿ ಮಾಡಿದ ಉದ್ಯಾನಕ್ಕೆ ತೊಲ್ಕಾಪ್ಪಿಯದ ಹೆಸರಿದೆ. ಅದು ಕೇವಲ ಅಲಂಕಾರದ ಹೆಸರಲ್ಲ. ಬೆಟ್ಟ, ಕಾಡು, ಗದ್ದೆ, ಕಡಲತೀರ, ಬೆಂಗಾಡು ಎಂಬ ಭೂಭಾಗಗಳನ್ನು ಗಿಡಗಳ ಹೆಸರಿನಿಂದಲೇ ಗುರುತಿಸಿ, ಒಂದೊಂದಕ್ಕೆ ಒಂದೊಂದು ಪ್ರೇಮಭಾವವನ್ನು ಹೊಂದಿಸಿದ ಕಾವ್ಯಪರಂಪರೆ ತಮಿಳರದು.

ಈ ನಗರದ ಗಿಡಗಳಿಗೂ ನಮಗೂ ಹಳೆಯ ನಂಟೊಂದಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಕಂಪನಿಯ ವೈದ್ಯ ಸೈದಾಪೇಟೆಯಲ್ಲಿ ಕಳ್ಳಿಯ ತೋಟವನ್ನು ಮಾಡಿದ್ದ. ಆ ಕಳ್ಳಿಯ ಮೇಲೆ ಬದುಕುವ ಹುಳುವಿನಿಂದ ಕೆಂಪು ಬಣ್ಣ ತೆಗೆದು ಲಾಭ ಮಾಡಬೇಕೆಂಬ ಹವಣಿಕೆ ಕಂಪನಿಗಿತ್ತು. ಅದು ಕೈಗೂಡಲಿಲ್ಲ. 1800ರ ಸುಮಾರಿಗೆ ತೋಟವನ್ನು ಮುಚ್ಚಿದಾಗ ಅಲ್ಲಿನ ಗಿಡಗಳು ಹೈದರಾಲಿಯ ಲಾಲ್‌ಬಾಗಿಗೆ ಬಂದವು. ಸೈದಾಪೇಟೆಯ ತೋಟ ಈಗಿಲ್ಲ, ಲಾಲ್‌ಬಾಗು ಇದೆ. ಉದ್ಯಾನಗಳು ಅದೃಷ್ಟದಿಂದ ಮಾತ್ರ ಉಳಿಯುವುದಿಲ್ಲ. ಲಾಲ್‌ಬಾಗು ಮತ್ತು ಕಬ್ಬನ್ ಪಾರ್ಕುಗಳ ರಕ್ಷಣೆಗೆಂದೇ ನಮ್ಮ ರಾಜ್ಯದಲ್ಲಿ 1975ರಲ್ಲಿ ಒಂದು ಶಾಸನವಾಯಿತೆಂಬುದನ್ನು ನೆನೆಯಬೇಕು. ಶಾಸನವಿದ್ದೂ ಆಗಾಗ ಜನ ಎಚ್ಚರವಾಗಿರಬೇಕಾಯಿತು ಎಂಬುದನ್ನೂ ಮರೆಯಬಾರದು.

ಕೊನೆಯ ಸಂಜೆ ಅಡಯಾರಿನ ಥಿಯಾಸಾಫಿಕಲ್ ಸೊಸೈಟಿಯ ಆವರಣದಲ್ಲಿದ್ದೆವು. 1882ರಲ್ಲಿ ಇಪ್ಪತ್ತೇಳು ಎಕರೆಯ ತೋಟವಾಗಿದ್ದ ಈ ಜಾಗ ಮುಂದೆ ಹತ್ತರಷ್ಟು ಹಿಗ್ಗಿತು. ಅಲ್ಲಿಯ ಪ್ರಸಿದ್ಧ ಆಲದ ಮೂಲಕಾಂಡ 1989ರ ಬಿರುಗಾಳಿಗೆ ಉರುಳಿತು. ಬಿಳಲುಗಳೇ ಕಾಂಡಗಳಾಗಿ ಮರ ಜೀವಂತವಾಗಿದೆ. ನಾನು ಪೀಪಲ್ಸ್ ಪಾರ್ಕಿನ ದುರಂತವನ್ನು ಕುರಿತು ಸಾಕಷ್ಟು ಆವೇಶದಿಂದ ಮಾತನಾಡುತ್ತಿದ್ದೆ. ಸುಮ್ಮನೆ ಕೇಳುತ್ತಿದ್ದ ಶ್ರೀಮತಿ, "ಅಲ್ಲಾ, ನಿಮ್ಮ ಸಾಹಿತ್ಯ ಭವನಕ್ಕೂ ಜಾಗ ಹೀಗೇ ತಾನೆ ಕೇಳಿದ್ದು?" ಎಂದಳು.

ನನಗೆ ಉತ್ತರ ತೋರಲಿಲ್ಲ. ಹದಿನೆಂಟು ವರ್ಷಗಳ ಹಿಂದೆ, ನಮ್ಮ ಊರಿನ ಉದ್ಯಾನದ ಮೂಲೆಯಲ್ಲಿ ಭವನಕ್ಕೆಂದು ನೆಲ ಬೇಡಿದ ಅರ್ಜಿಯನ್ನು ಬರೆದವನು ನಾನೇ. ಒಳ್ಳೆಯ ಕನ್ನಡದಲ್ಲಿ ಬರೆದಿದ್ದೆ, ಪುರಸಭೆಯವರು ತಲೆದೂಗಿದರು. ಏಳು ಹೊಂಗೆಯ ಮರಗಳು ಹೋದವು. ಶಂಕುಸ್ಥಾಪನೆಯ ದಿನ ನಾನು ಕನ್ನಡದ ಬೇರು, ಕನ್ನಡದ ನೆರಳು ಎಂದೆಲ್ಲ ಭಾಷಣ ಮಾಡಿದ್ದೆ. ಆ ದಿನ ಕೇಳಿದವರು ಬಿಸಿಲಿನಲ್ಲಿ ಕುಳಿತಿದ್ದರು. ಅಲ್ಲಿ ಪ್ರತಿ ಸಂಜೆ ಚೌಕಾಬಾರ ಆಡುತ್ತಿದ್ದ ಮುದುಕರು ಎಲ್ಲಿಗೆ ಹೋದರೆಂದು ನಾವು ಯಾರೂ ವಿಚಾರಿಸಲಿಲ್ಲ. ಭವನದಿಂದ ಊರಿಗೆ ಒಳಿತಾಗಲಿಲ್ಲವೆಂದು ನಾನು ಹೇಳಲಾರೆ. ಒಳ್ಳೆಯ ನಾಟಕಗಳು, ಒಳ್ಳೆಯ ಗೋಷ್ಠಿಗಳು ಅಲ್ಲಿ ನಡೆದಿವೆ. ವಿಕ್ಟೋರಿಯಾ ಹಾಲನ್ನು ಕಟ್ಟಿದವರೂ ಇದನ್ನೇ ಹೇಳುತ್ತಿದ್ದರೇನೋ.

ಶ್ರೋತೃಗಳೇ, ಉದ್ಯಾನವೆಂದರೆ ಖಾಲಿ ಬಿದ್ದ ನೆಲ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಕಟ್ಟಡಕ್ಕೆ ಅಧ್ಯಕ್ಷರಿದ್ದಾರೆ, ಕಾರ್ಯದರ್ಶಿಯಿದ್ದಾರೆ, ಅದರ ಪರವಾಗಿ ಅರ್ಜಿ ಬರೆಯುವ ನನ್ನಂಥ ಪಂಡಿತರಿದ್ದಾರೆ. ನೆರಳಿನ ಪರವಾಗಿ ಅರ್ಜಿ ಬರೆಯುವವರಿಲ್ಲ. ನೆರಳಿನಲ್ಲಿ ಕುಳಿತವನು ಎದ್ದುಹೋದ ಮೇಲೆ ಗುರುತು ಉಳಿಯುವುದಿಲ್ಲವಾದ್ದರಿಂದ ಅವನ ಹಕ್ಕಿಗೆ ದಾಖಲೆಯಿಲ್ಲ.

ಭವನದ ಹಿಂದೆ ಇನ್ನೂ ಅರ್ಧ ಎಕರೆಯಷ್ಟು ಮರಗಳಿವೆ. ಅಲ್ಲೊಂದು ಊಟದ ಮನೆ ಬೇಕೆಂಬ ಸೂಚನೆ ಮುಂದಿನ ತಿಂಗಳ ಸಭೆಗೆ ಬರಲಿದೆ. ಅರ್ಜಿಯನ್ನು ಬರೆದುಕೊಡಬೇಕೆಂದು ಹಳೆಯ ವಾಡಿಕೆಯಂತೆ ನನ್ನನ್ನೇ ಕೇಳಿದ್ದಾರೆ. ಬರೆಯುತ್ತೇನೆ, ಆದರೆ ಈ ಸಲ ಅರ್ಜಿ ಹೊಂಗೆಯ ಮರಗಳದ್ದು. ಗೆಳೆಯರು ಮುನಿಸಿಕೊಳ್ಳಬಹುದು. ಮಾರ್ಚಿಯ ಬಿಸಿಲು ಅವರನ್ನು ನಿಧಾನವಾಗಿ ಒಪ್ಪಿಸೀತು ಎಂದು ನಂಬಿದ್ದೇನೆ.

(ಬಾನುಲಿ ಭಾಷಣ. ಕೃಪೆ: ಆಕಾಶವಾಣಿ)