ಸಂಕಟವೆಂಬ ಮಾತು: ಸ್ತ್ರೀಯರ ಶೋಕವೂ ಜಠರವೂ

ಕನ್ನಡದಲ್ಲಿ ‘ಸಂಕಟ’ ಎಂಬ ಒಂದು ಮಾತಿದೆ. ಕಾವ್ಯದಲ್ಲಿ ಬಂದಾಗ ಅದಕ್ಕೆ ದುಃಖವೆಂದೂ ಇಕ್ಕಟ್ಟೆಂದೂ ಅರ್ಥ ಹೇಳುತ್ತೇವೆ. ಅದೇ ಮಾತನ್ನು ನಮ್ಮ ಕಡೆಯ ಹೆಂಗಸೊಬ್ಬಳು ವೈದ್ಯನ ಮುಂದೆ ಆಡಿ, ‘ಹೊಟ್ಟೆಯಲ್ಲಿ ಸಂಕಟವಾಗುತ್ತದೆ’ ಎಂದರೆ, ಅದು ಓಕರಿಕೆ, ತೊಳಸು, ಎದೆಗೂ ನಾಭಿಗೂ ನಡುವೆ ಇಂಥದೆಂದು ಹೇಳಲಾಗದ ಒಂದು ಬೇಗುದಿ ಎಂದು ಆತ ತಿಳಿಯುತ್ತಾನೆ. ಒಂದೇ ಶಬ್ದ ಮನಸ್ಸಿಗೂ ಸಲ್ಲುತ್ತದೆ, ಜಠರಕ್ಕೂ ಸಲ್ಲುತ್ತದೆ. ದುಃಖವನ್ನು ನಾವು ‘ನುಂಗಿಕೊಳ್ಳುತ್ತೇವೆ’, ಆಘಾತವನ್ನು ‘ಅರಗಿಸಿಕೊಳ್ಳುತ್ತೇವೆ’, ಪರರ ತಪ್ಪನ್ನು ‘ಹೊಟ್ಟೆಗೆ ಹಾಕಿಕೊಳ್ಳುತ್ತೇವೆ’. ಮಕ್ಕಳ ನೋವನ್ನು ಕಂಡ ತಾಯಿಗೆ ‘ಕರುಳು ಚುರ್ರೆನ್ನುತ್ತದೆ’. ಭಾಷೆ ಸಾಕ್ಷಿಯಾಗಬಲ್ಲುದೇ ಹೊರತು ಪ್ರಮಾಣವಾಗಲಾರದು, ನಿಜ. ಆದರೆ ಸಾಕ್ಷಿ ಇಷ್ಟು ಒಮ್ಮನದಿಂದ ನುಡಿಯುತ್ತಿರುವಾಗ ವಿಚಾರಣೆಯನ್ನಾದರೂ ನಡೆಸಬೇಕಾಗುತ್ತದೆ. ಮನೋವ್ಯಥೆ ಸ್ತ್ರೀಯರ ಪಚನಾಂಗಗಳನ್ನು ಹೇಗೆ ಮುಟ್ಟುತ್ತದೆ ಎಂಬ ತಿಳಿವಳಿಕೆ ಯಾವ ದಾರಿಯಲ್ಲಿ ನಡೆದು ಬಂತು, ಎಲ್ಲೆಲ್ಲಿ ದಾರಿ ತಪ್ಪಿತು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇನೆ.

ನಮ್ಮ ಆಯುರ್ವೇದಾಚಾರ್ಯರಿಗೆ ಈ ಸಂಬಂಧ ಹೊಸತಾಗಿರಲಿಲ್ಲ. ಹಿತವಾದ ಅನ್ನವನ್ನು ಮಿತವಾಗಿಯೇ ಉಂಡರೂ ಚಿಂತೆ, ಶೋಕ, ಭಯ, ಕ್ರೋಧಗಳಿಗೆ ಒಳಗಾದವನಿಗೆ ಅದು ಜೀರ್ಣವಾಗದೆಂದು ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಹೇಳಿದೆ. ಅತಿಸಾರವನ್ನು ಆರು ಬಗೆಯಾಗಿ ವಿಂಗಡಿಸುವಾಗ ಚರಕನು ಭಯದಿಂದಾದುದು, ಶೋಕದಿಂದಾದುದು ಎಂದು ಎರಡನ್ನು ಪ್ರತ್ಯೇಕವಾಗಿ ಎಣಿಸುತ್ತಾನೆ. ಅವುಗಳಿಗೆ ವಾತಹರವಾದ ಔಷಧದೊಡನೆ ಹರ್ಷಣವನ್ನೂ ಆಶ್ವಾಸನವನ್ನೂ, ಎಂದರೆ ರೋಗಿಯನ್ನು ನಲಿಸುವುದನ್ನೂ ಸಂತೈಸುವುದನ್ನೂ, ಚಿಕಿತ್ಸೆಯಾಗಿ ವಿಧಿಸುತ್ತಾನೆ. ಸುಶ್ರುತನ ವಿವರಣೆಯಂತೂ ಇನ್ನೂ ಮನನೀಯವಾದುದು. ದುಃಖದಲ್ಲಿ ಮುಳುಗಿ ಅಲ್ಪವನ್ನೇ ಉಣ್ಣುವವರಲ್ಲಿ ಕಣ್ಣೀರಿನ ಉಷ್ಣವು ಕೋಷ್ಠಕ್ಕಿಳಿದು ಅಲ್ಲಿಯ ರಕ್ತವನ್ನು ಕದಡುತ್ತದೆಂದೂ ಈ ವ್ಯಾಧಿ ಬಹು ಕಷ್ಟಸಾಧ್ಯವಾದುದೆಂದೂ ಅವನ ಅಭಿಪ್ರಾಯ. ಕಣ್ಣೀರು ಕರುಳಿಗಿಳಿಯುತ್ತದೆಂಬುದನ್ನು ಇಂದಿನ ಶಾರೀರಶಾಸ್ತ್ರ ಒಪ್ಪಲಾರದು. ಆದರೂ ಕಣ್ಣೀರಿಗೂ ಕರುಳಿಗೂ ನಡುವೆ ಒಂದು ಹಾದಿ ಇರಲೇಬೇಕೆಂದು ಊಹಿಸಿ, ಅದಕ್ಕೊಂದು ಕಾರ್ಯಕಾರಣಕ್ರಮವನ್ನು ಹೇಳಲು ಹೊರಟ ಆ ಧೈರ್ಯ ಸಣ್ಣದಲ್ಲ. ಒಂದು ಮಾತನ್ನು ಇಲ್ಲಿ ಗಮನಿಸಬೇಕು: ಈ ಆಚಾರ್ಯರು ಶೋಕಾತಿಸಾರವನ್ನು ಹೆಂಗಸರ ರೋಗವೆಂದು ಬೇರ್ಪಡಿಸಲಿಲ್ಲ, ಶೋಕವುಳ್ಳ ಯಾವ ಪ್ರಾಣಿಗೂ ಅದು ಬರಬಹುದು.

ಪಶ್ಚಿಮದ ಕಥೆ ಬೇರೆ. ಅಲ್ಲಿ ಹೆಂಗಸಿನ ಬಹುತೇಕ ವ್ಯಥೆಗಳಿಗೆ ಗರ್ಭಾಶಯವೇ ಮೂಲವೆಂಬ ಗ್ರೀಕರ ಕಾಲದ ಕಲ್ಪನೆ ಶತಮಾನಗಟ್ಟಲೆ ಉಳಿದುಕೊಂಡಿತು. ‘ಹಿಸ್ಟೀರಿಯಾ’ ಎಂಬ ಹೆಸರೇ ಗರ್ಭಾಶಯವನ್ನು ಸೂಚಿಸುವ ಗ್ರೀಕ್ ಶಬ್ದದಿಂದ ಹುಟ್ಟಿದುದು. ಬ್ಯಾಂಕಿನಲ್ಲಿ ಯಾವ ತಲೆಬರಹಕ್ಕೆ ಸೇರಿಸಬೇಕೆಂದು ತಿಳಿಯದ ಮೊಬಲಗನ್ನು ಸಸ್ಪೆನ್ಸ್ ಖಾತೆಗೆ ಹಾಕುವ ಪದ್ಧತಿಯುಂಟು. ಯುರೋಪಿನ ವೈದ್ಯಕದಲ್ಲಿ ಹಿಸ್ಟೀರಿಯಾ ಅಂಥದೊಂದು ಖಾತೆಯಾಗಿತ್ತೆಂದು ಈ ಲೇಖಕನಿಗೆ ತೋರುತ್ತದೆ. ವ್ಯತ್ಯಾಸವಿಷ್ಟೆ: ನಮ್ಮಲ್ಲಿ ಆ ಖಾತೆಯನ್ನು ಕಾಲಕಾಲಕ್ಕೆ ತೆಗೆದು ಚೊಕ್ಕಮಾಡಲೇಬೇಕು, ಅಲ್ಲಿ ಯಾರೂ ಮಾಡಲಿಲ್ಲ. ಈ ಮಾತಿಗೆ ಅಪವಾದವಾಗಿ ನಿಲ್ಲುವವನು ಲಂಡನ್ನಿನ ಥಾಮಸ್ ಸಿಡನ್‌ಹ್ಯಾಮ್. 1682ರಲ್ಲಿ ಪತ್ರರೂಪವಾಗಿ ಪ್ರಕಟಿಸಿದ ಪ್ರಬಂಧದಲ್ಲಿ ಆತ ಈ ವ್ಯಾಧಿ ಇತರ ಅನೇಕ ರೋಗಗಳ ವೇಷವನ್ನು ಧರಿಸಬಲ್ಲುದೆಂದು ತೋರಿಸಿದ. ಗಂಡಸರಲ್ಲಿ ಬೇರೆ ಹೆಸರಿನಿಂದ ಕರೆಯುತ್ತಿದ್ದುದು ಇದನ್ನೇ ಎಂದೂ ಸೂಚಿಸಿದ. ಸಾಮಾನ್ಯ ಕಾರಣಗಳಿಂದ ವಿವರಿಸಲಾಗದ ಬೇನೆಯನ್ನು ಸ್ತ್ರೀಯರು ಹೇಳಿಕೊಂಡಾಗಲೆಲ್ಲ, ಮನಸ್ಸಿಗೆ ಕಳವಳವಾದಾಗ ಅದು ಹೆಚ್ಚುತ್ತದೆಯೇ ಎಂದು ತಪ್ಪದೆ ವಿಚಾರಿಸುತ್ತಿದ್ದನಂತೆ. ಕೇಳುವುದು ಒಂದು ಚಿಕಿತ್ಸಾಕ್ರಮವೆಂಬುದನ್ನು ಅರಿತವನೀತ.

ಆದರೆ ಮುಂದಿನವರು ಕೇಳುವುದನ್ನು ಬಿಟ್ಟು ಕತ್ತಿಯನ್ನು ಹಿಡಿದರು. 1885ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಫ್ರಾಂಟ್ಸ್ ಗ್ಲೆನಾರ್ ಎಂಬ ವೈದ್ಯ ಉದರದ ಅಂಗಗಳು ತಮ್ಮ ಸ್ಥಾನದಿಂದ ಜಾರುವುದೇ ಅಜೀರ್ಣಕ್ಕೂ ನಿಶ್ಶಕ್ತಿಗೂ ಕಾರಣವೆಂದು ಸಾರಿದ. ಈ ರೋಗನಿರ್ಣಯಕ್ಕೆ ಗುರಿಯಾದವರಲ್ಲಿ ಹೆಚ್ಚಿನವರು ಹೆಂಗಸರು. ಗ್ಲೆನಾರ್ ತಾನು ಪಟ್ಟಿ ಕಟ್ಟಿ ಪಥ್ಯ ಹೇಳಿದನಾದರೂ ಶಸ್ತ್ರವೈದ್ಯರು ಅಷ್ಟಕ್ಕೆ ನಿಲ್ಲದೆ ಜಾರಿದ ಮೂತ್ರಪಿಂಡವನ್ನೂ ಜಠರವನ್ನೂ ಹೊಲಿದು ಮೇಲಕ್ಕೆ ಕಟ್ಟತೊಡಗಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಸರ್ ವಿಲಿಯಂ ಆರ್ಬತ್‌ನಾಟ್ ಲೇನ್ ಮತ್ತೂ ಮುಂದೆ ಹೋದ. ಮಲಬದ್ಧತೆಯಿಂದ ಕರುಳಿನಲ್ಲಿ ವಿಷ ಸಂಚಯವಾಗುತ್ತದೆಂದು ನಂಬಿ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುವ ಕ್ರಮವನ್ನು ಆತ ಬಳಕೆಗೆ ತಂದ. ಮೇಜಿನ ಮೇಲೆ ಮಲಗಿದವರಲ್ಲಿ ಬಹುಮಂದಿ ಸ್ತ್ರೀಯರೇ. 1913ರಲ್ಲಿ ರಾಯಲ್ ಸೊಸೈಟಿ ಆಫ್ ಮೆಡಿಸಿನ್ ಸಂಸ್ಥೆಯಲ್ಲಿ ಈ ವಿಷಯವಾಗಿ ದೀರ್ಘ ಚರ್ಚೆ ನಡೆದು, ಬರಬರುತ್ತ ಆ ಸಿದ್ಧಾಂತ ಸವೆದುಹೋಯಿತು. ಲೇನ್ ಮಹಾಶಯ ಕೈಚಳಕದಲ್ಲಿ ಅದ್ವಿತೀಯನೆಂದು ಎಲ್ಲರೂ ಒಪ್ಪುತ್ತಾರೆ. ಅಷ್ಟು ಕೌಶಲವನ್ನು ಕೇಳಬೇಕಾದುದನ್ನು ಕೇಳದೆಯೇ ವೆಚ್ಚಮಾಡಿದುದು ವಿಷಾದದ ಸಂಗತಿ.

ಇದೇ ಕಾಲದಲ್ಲಿ ಪ್ರಯೋಗಶಾಲೆಗಳಲ್ಲಿ ಮಾತ್ರ ಬೆಳಕು ಮೂಡುತ್ತಿತ್ತು. ಅದಕ್ಕೆ ಮೊದಲೇ ಅಮೆರಿಕಾದ ಸೈನ್ಯವೈದ್ಯ ವಿಲಿಯಂ ಬೋಮಾಂಟ್, 1822ರಲ್ಲಿ ಬಂದೂಕಿನ ಗಾಯದಿಂದ ಹೊಟ್ಟೆಯಲ್ಲಿ ಶಾಶ್ವತವಾದ ರಂಧ್ರವುಳಿದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯಾಳಿನ ಜಠರವನ್ನು ಇಣುಕಿ ನೋಡಿ, ಭಯಕ್ರೋಧಗಳಲ್ಲಿ ಅದರ ಒಳಪೊರೆಯ ಬಣ್ಣವೂ ತೇವವೂ ಬದಲಾಗುವುದನ್ನು 1833ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದ. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು ವಾಲ್ಟರ್ ಕ್ಯಾನನ್ನನ ಕೆಲಸ. ಹಾರ್ವರ್ಡಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಕ್ಷಕಿರಣ ಕಂಡುಹಿಡಿದ ಮರುವರ್ಷವೇ, ಬೆಕ್ಕುಗಳಿಗೆ ಬಿಸ್ಮತ್ ಬೆರೆಸಿದ ಆಹಾರವನ್ನು ಉಣಿಸಿ ಜಠರದ ಚಲನೆಯನ್ನು ಪರದೆಯ ಮೇಲೆ ನೋಡತೊಡಗಿದ. ಕಟ್ಟಿಹಾಕಿದಾಗ ಗಂಡು ಬೆಕ್ಕುಗಳು ರೇಗಿ ಒದ್ದಾಡುತ್ತಿದ್ದವು, ಅವುಗಳ ಜಠರ ನಿಶ್ಚಲವಾಗಿರುತ್ತಿತ್ತು. ಹೆಣ್ಣು ಬೆಕ್ಕುಗಳು ಸುಮ್ಮನೆ ಮಲಗಿರುತ್ತಿದ್ದವು, ಅವುಗಳಲ್ಲಿ ಅಲೆ ಕಾಣುತ್ತಿತ್ತು. ಭೇದ ಲಿಂಗದ್ದಲ್ಲ, ಮನಸ್ಸಿನ ಸ್ಥಿತಿಯದು ಎಂದು ಅವನಿಗೆ ಹೊಳೆಯಿತು. ಮರಿಗಳನ್ನು ಹಾಕಿದ್ದ ಒಂದು ತಾಯಿ ಬೆಕ್ಕು ನೆಮ್ಮದಿಯಿಂದ ಮಲಗಿದ್ದುದು ಇದ್ದಕ್ಕಿದ್ದಂತೆ ಕಳವಳಗೊಂಡಾಗ ಜಠರದ ಅಲೆಗಳೆಲ್ಲ ಆ ಕ್ಷಣವೇ ನಿಂತುಹೋದವು. ಮೈದಡವಿ, ಅದು ಮತ್ತೆ ಗುರುಗುಟ್ಟತೊಡಗಿದ ಮೇಲೆಯೇ ಚಲನೆ ಮರಳಿತು. ಚರಕನ ಆಶ್ವಾಸನಚಿಕಿತ್ಸೆಯನ್ನು ಕ್ಷಕಿರಣದ ಪರದೆಯ ಮೇಲೆ ಕಂಡಂತಾಯಿತೆಂದರೆ ಅತಿಶಯೋಕ್ತಿಯಾದೀತೇನೋ, ವಾಚಕರು ಕ್ಷಮಿಸಬೇಕು.

ಮುಂದಿನ ಶೋಧಗಳನ್ನು ಸಂಕ್ಷೇಪವಾಗಿ ಹೇಳಬಹುದು. 1936ರಲ್ಲಿ ಹಾನ್ಸ್ ಸೆಲ್ಯೆ ನಾನಾ ವಿಧವಾದ ಪೀಡೆಗೆ ಒಳಗಾದ ಇಲಿಗಳ ಜಠರದಲ್ಲಿ ಹುಣ್ಣುಗಳೇಳುವುದನ್ನು ವರದಿಮಾಡಿದ. 1940-41ರ ಬಾಂಬುದಾಳಿಯ ಕಾಲದಲ್ಲಿ ಲಂಡನ್ನಿನ ಆಸ್ಪತ್ರೆಗಳಿಗೆ ತೂತುಬಿದ್ದ ಜಠರವ್ರಣದ ರೋಗಿಗಳು ಹೆಚ್ಚಾಗಿ ಬಂದರು. ಹೀಗೆ ಚಿಂತೆಯೇ ಹುಣ್ಣಿಗೆ ಮೂಲವೆಂದು ಎಲ್ಲರೂ ನಂಬಿದ್ದಾಗ, 1980ರ ದಶಕದಲ್ಲಿ ಆಸ್ಟ್ರೇಲಿಯಾದ ಮಾರ್ಷಲ್ ಮತ್ತು ವಾರೆನ್ ಬಹುತೇಕ ಹುಣ್ಣುಗಳಿಗೆ ಒಂದು ಸೂಕ್ಷ್ಮಾಣುಜೀವಿ ಕಾರಣವೆಂದು ತೋರಿಸಿ ಆ ನಂಬಿಕೆಯ ಬುಡವನ್ನೇ ಅಲ್ಲಾಡಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಮನಸ್ಸಿನ ವಾದ ಅಲ್ಲಿಗೆ ಮುಗಿಯಿತೆಂದು ಅನೇಕರು ಭಾವಿಸಿದರು. ಮುಗಿದಿರಲಿಲ್ಲ. ಆ ಜೀವಿಯನ್ನು ಹೊತ್ತವರಲ್ಲಿ ಹೆಚ್ಚಿನವರಿಗೆ ಹುಣ್ಣಾಗುವುದೇ ಇಲ್ಲ. 1995ರಲ್ಲಿ ಜಪಾನಿನ ಕೋಬೆ ಪ್ರಾಂತದ ಭೂಕಂಪವಾದೊಡನೆ ರಕ್ತಸ್ರಾವದ ಹುಣ್ಣುಗಳು ಮತ್ತೆ ಏರಿದವು.

ನಮ್ಮ ವಿಷಯದ ನಿಜವಾದ ತಿರುವು 1990ರದು. ಅಮೆರಿಕಾದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಜೀರ್ಣಾಂಗ ಚಿಕಿತ್ಸಾಲಯಕ್ಕೆ ಬಂದ 206 ಮಂದಿ ಸ್ತ್ರೀಯರನ್ನು ಡಗ್ಲಾಸ್ ಡ್ರಾಸ್‌ಮನ್ ಮತ್ತು ಸಂಗಡಿಗರು ಒಂದು ಪ್ರಶ್ನೆ ಕೇಳಿದರು. ಅದು, ನಿಮ್ಮ ಮೇಲೆ ಬಾಲ್ಯದಲ್ಲಾಗಲಿ ಅನಂತರವಾಗಲಿ ಲೈಂಗಿಕವಾಗಿ ಅಥವಾ ದೈಹಿಕವಾಗಿ ದೌರ್ಜನ್ಯ ನಡೆದದ್ದುಂಟೇ ಎಂಬ ಪ್ರಶ್ನೆ. 89 ಮಂದಿ, ಎಂದರೆ ನೂರಕ್ಕೆ 44, ಉಂಟೆಂದರು. ಪರೀಕ್ಷೆಯಲ್ಲಿ ಅಂಗದೋಷವೇನೂ ಕಾಣದೆ ಕೇವಲ ಕಾರ್ಯದೋಷವೆನಿಸಿಕೊಂಡ ಹೊಟ್ಟೆನೋವಿನವರಲ್ಲಿ ತೀವ್ರವಾದ ದೌರ್ಜನ್ಯದ ಪ್ರಮಾಣ ಇತರರಿಗಿಂತ ಹೆಚ್ಚಾಗಿತ್ತು. ಅಂಥವರು ಹೆಚ್ಚು ಸಲ ಶಸ್ತ್ರಚಿಕಿತ್ಸೆಗೂ ಒಳಗಾಗಿದ್ದರು. ಲೇನ್ ಮಹಾಶಯನ ಕಾಲ ಪೂರ್ತಿ ಸರಿದಿರಲಿಲ್ಲವೆಂದಾಯಿತು. ಇದು ದೂರದೂರದಿಂದ ಕಠಿನ ರೋಗಿಗಳು ಬರುವ ದೊಡ್ಡ ಆಸ್ಪತ್ರೆಯ ಲೆಕ್ಕ. ಊರಿನ ಎಲ್ಲ ಹೆಂಗಸರಿಗೂ ಅನ್ವಯಿಸಲಾಗದು. ಅದಿರಲಿ, ಈ ಲೇಖಕನನ್ನು ಕಾಡುವ ಅಂಕಿ ಇನ್ನೊಂದು. ದೌರ್ಜನ್ಯಕ್ಕೊಳಗಾದವರಲ್ಲಿ ತಮ್ಮ ವೈದ್ಯರಿಗೆ ಅದನ್ನು ತಿಳಿಸಿದ್ದವರು ನೂರಕ್ಕೆ 17 ಮಾತ್ರ; ಸುಮಾರು ಮೂರನೆಯ ಒಂದು ಪಾಲು ಹೆಂಗಸರು ಅದುವರೆಗೆ ಯಾರೊಡನೆಯೂ ಅದನ್ನು ಆಡಿರಲಿಲ್ಲ.

ಶರೀರದೊಳಗೆ ನಡೆಯುವುದೇನು? ಅನ್ನನಾಳದಿಂದ ಗುದದವರೆಗಿನ ಗೋಡೆಯಲ್ಲಿ ತನ್ನದೇ ಆದ ನರಜಾಲವೊಂದುಂಟೆಂದೂ ಅದನ್ನು ಪ್ರತ್ಯೇಕ ವ್ಯವಸ್ಥೆಯೆಂದೇ ಎಣಿಸಬೇಕೆಂದೂ ಕೇಂಬ್ರಿಜ್ಜಿನ ಲ್ಯಾಂಗ್ಲಿ 1921ರಲ್ಲೇ ಬರೆದಿದ್ದ. 1981ರಲ್ಲಿ ವೈಲಿ ವೇಲ್ ಎಂಬ ವಿಜ್ಞಾನಿಯ ತಂಡ ಮೆದುಳು ಒತ್ತಡಕ್ಕೆ ಸಿಕ್ಕಿದಾಗ ಸ್ರವಿಸುವ ಮೂಲದ್ರವ್ಯವನ್ನು ಗುರುತಿಸಿತು. ಈ ದ್ರವ್ಯ ಜಠರ ಬರಿದಾಗುವುದನ್ನು ತಡೆಯುತ್ತದೆ, ದೊಡ್ಡ ಕರುಳನ್ನು ತ್ವರೆಗೊಳಿಸುತ್ತದೆ. ಊಟ ಸೇರದಿರುವುದೂ ಪದೇ ಪದೇ ಹೊರಕಡೆಗೆ ಓಡಬೇಕಾಗುವುದೂ ಒಂದೇ ಕಾಲದಲ್ಲಿ ಒದಗುವ ವಿಚಿತ್ರಕ್ಕೆ ಇದು ಸಮಾಧಾನ. 2014ರಲ್ಲಿ ಬೆಲ್ಜಿಯಮ್ಮಿನ ಲೂವೆನ್ನಿನ ಸಂಶೋಧಕರು ಆರೋಗ್ಯವಂತರಲ್ಲೇ, ಸಭೆಯ ಮುಂದೆ ಭಾಷಣ ಮಾಡಬೇಕಾದ ಭೀತಿಯಿಂದ ಸಣ್ಣ ಕರುಳಿನ ಪೊರೆ ಸೋರುವುದು ಹೆಚ್ಚುತ್ತದೆಂದು ತೋರಿಸಿದರು. ಋತುಚಕ್ರದ ಏರಿಳಿತಕ್ಕೆ ತಕ್ಕಂತೆ ಕರುಳಿನ ಸಂವೇದನೆ ಬದಲಾಗುವುದು ಸ್ತ್ರೀಯರಿಗೆ ಇದರ ಮೇಲೊಂದು ಭಾರ. ಹಾಗಿದ್ದರೂ ಮದ್ದು ಸುಲಭವಾಗಿ ಸಿಕ್ಕಲಿಲ್ಲ. ಕರುಳಿನ ಈ ಕಿರಿಕಿರಿಗಾಗಿ ಅಮೆರಿಕಾದಲ್ಲಿ ಸ್ತ್ರೀಯರಿಗೆಂದೇ ಮಂಜೂರಾದ ಅಲೊಸೆಟ್ರಾನ್ ಎಂಬ ಔಷಧ 2000ದ ಫೆಬ್ರವರಿಯಲ್ಲಿ ಬಂದು ನವೆಂಬರಿನಲ್ಲೇ ಅಂಗಡಿಯಿಂದ ಹಿಂದೆ ಸರಿಯಿತು. ಕರುಳಿನ ರಕ್ತಸಂಚಾರಕ್ಕೇ ಅಪಾಯವಾಗಿತ್ತು. ಕಟ್ಟುನಿಟ್ಟಾದ ನಿರ್ಬಂಧಗಳೊಡನೆ 2002ರಲ್ಲಿ ಮರಳಿತು.

ಇನ್ನು ನಮ್ಮ ನಾಡಿನ ಸಂಗತಿ. ಮಾರ್ಕ್ ನಿಕ್ಟರ್ ಎಂಬ ಅಮೆರಿಕನ್ ಮಾನವಶಾಸ್ತ್ರಜ್ಞ ದಕ್ಷಿಣ ಕನ್ನಡದ ಹವ್ಯಕ ಮನೆಗಳ ಸ್ತ್ರೀಯರ ನಡುವೆ ಅಧ್ಯಯನ ನಡೆಸಿ 1981ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಬಾಯಿಬಿಟ್ಟು ಆಡಲಾಗದ ಅಸಮಾಧಾನವನ್ನು ಅವರು ಉಣ್ಣದಿರುವುದು, ಸೊರಗುವುದು, ಉಪವಾಸ, ಮಿತಿಮೀರಿದ ಮಡಿ, ಮೈಮೇಲೆ ಬರುವುದು ಮೊದಲಾದ ದಾರಿಗಳಿಂದ ವ್ಯಕ್ತಪಡಿಸುತ್ತಾರೆಂದು ತೋರಿಸಿ, ಇವನ್ನು ‘ಸಂಕಟದ ನುಡಿಗಟ್ಟುಗಳು’ ಎಂಬ ಅರ್ಥದ ಹೆಸರಿನಿಂದ ಕರೆದ. ಆ ಪರಿಭಾಷೆ ಇಂದು ಲೋಕದ ಮನೋವೈದ್ಯರೆಲ್ಲರ ಬಾಯಲ್ಲಿದೆ; ಅಮೆರಿಕಾದ ಮನೋರೋಗ ಕೈಪಿಡಿಯ 2013ರ ಆವೃತ್ತಿಯಲ್ಲೂ ಸೇರಿದೆ. ಅದು ಬೆಳೆದದ್ದು ಅಡಕೆ ತೋಟದ ನಡುವಿನ ಅಡುಗೆಮನೆಗಳಲ್ಲಿ ಎಂಬುದು ಹೊರನಾಡಿನ ಕನ್ನಡಿಗರಾದ ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಬಡಿಸುವವಳು ತಾನು ಉಣ್ಣಲಿಲ್ಲವೆಂಬುದು ಒಂದು ಹೇಳಿಕೆಯೇ ಸರಿ. ಗಂಡಸರ ಪಂಕ್ತಿ ಎದ್ದುಹೋದ ಮೇಲೆ ಅದನ್ನು ಓದುವವರಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸಿನ ರಘುರಾಮ್, ಚನ್ನಬಸವಣ್ಣ ಮತ್ತು ಸಂಗಡಿಗರು 80 ರೋಗಿಗಳನ್ನು ಕುರಿತು 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪೂರಕವಾಗಿದೆ. ಮನಸ್ಸಿನ ಖಿನ್ನತೆ ಹೆಚ್ಚಿದಷ್ಟೂ ಕಳಂಕದ ಭೀತಿ ಹೆಚ್ಚಾಗಿತ್ತು. ಮೈಬೇನೆಯ ಲಕ್ಷಣಗಳು ಹೆಚ್ಚಿದಷ್ಟೂ ಆ ಭೀತಿ ಕಡಿಮೆಯಾಗಿತ್ತು. ಮೈನೋವಿಗೆ ನಾಚಿಕೆಯಿಲ್ಲ, ಬೇಸರಕ್ಕೆ ಉಂಟು.

ಇಷ್ಟು ಹೇಳಿದುದರಿಂದ ಹೆಂಗಸರ ಹೊಟ್ಟೆನೋವೆಲ್ಲ ಮನಸ್ಸಿನದೆಂದು ತೀರ್ಮಾನಿಸಿದರೆ ಮತ್ತೆ ಹಳೆಯ ಸಸ್ಪೆನ್ಸ್ ಖಾತೆಯನ್ನೇ ತೆರೆದಂತಾದೀತು. ಅಂಡಾಶಯದ ಅರ್ಬುದವನ್ನು ವಾಯುವೆಂದೂ ಚಿಂತೆಯೆಂದೂ ಬಗೆದು ತಿಂಗಳುಗಟ್ಟಲೆ ಕಳೆದ ಪ್ರಸಂಗಗಳು ವೈದ್ಯಕ ಸಾಹಿತ್ಯದಲ್ಲಿ ಬೇಕಾದಷ್ಟಿವೆ. ಶೋಕವನ್ನು ಕೇಳದಿರುವುದು ಒಂದು ಬಗೆಯ ಕಿವುಡು. ಶೋಕವೆಂದೊಡನೆ ಪರೀಕ್ಷೆಯನ್ನು ನಿಲ್ಲಿಸುವುದು ಇನ್ನೊಂದು ಬಗೆಯದು.

ಕಡೆಯದಾಗಿ ಒಂದು ವೈಚಿತ್ರ್ಯ. ಯುರೋಪು ಅಮೆರಿಕಾಗಳಲ್ಲಿ ಕರುಳಿನ ಈ ಕಿರಿಕಿರಿಗಾಗಿ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಹೆಂಗಸರೇ ಹೆಚ್ಚು. ಭಾರತದ ಆಸ್ಪತ್ರೆಗಳ ವರದಿಗಳಲ್ಲಿ ಗಂಡಸರೇ ಹೆಚ್ಚು. ಮನೆಮನೆಗೆ ಹೋಗಿ ವಿಚಾರಿಸಿದ ಸಮೀಕ್ಷೆಗಳಲ್ಲಿ ಈ ಅಂತರ ಬಹುಮಟ್ಟಿಗೆ ಕರಗುತ್ತದೆ. ನಮ್ಮ ಸ್ತ್ರೀಯರ ಕರುಳು ಹೆಚ್ಚು ಗಟ್ಟಿಯೆಂದು ಇದರಿಂದ ಹೇಳುವವರುಂಟು. ಹೊರರೋಗಿ ವಿಭಾಗದ ಸರತಿಯಲ್ಲಿ ನಿಲ್ಲಲು ಅರ್ಧ ದಿನ ಬೇಕು, ಜೊತೆಗೊಬ್ಬರು ಬೇಕು, ಹೋಗಿಬರುವ ಹಣವನ್ನು ಕೇಳಿ ಪಡೆಯಬೇಕು. ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ ಗಂಡನ ನೌಕರಿಯನ್ನು ಅನುಸರಿಸಿ ಬಂದ ಕನ್ನಡದ ಗೃಹಿಣಿ ಇಷ್ಟೂ ಆದ ಮೇಲೆ ‘ಸಂಕಟ’ ಎಂದರೆ ಏನೆಂಬುದನ್ನು ಮರಾಠಿಯಲ್ಲಿ ಹೇಳಬೇಕು. ಆ ಭಾಷೆಯಲ್ಲಿ ಈ ಶಬ್ದಕ್ಕೆ ವಿಪತ್ತೆಂಬ ಅರ್ಥವುಂಟು, ಹೊಟ್ಟೆಯ ಅರ್ಥವಿಲ್ಲ. ಅವಳು ಓಮಿನ ಕಷಾಯ ಕುದಿಸಿಕೊಂಡು ಕುಡಿದು ಸುಮ್ಮನಾಗುತ್ತಾಳೆ.