ಚಾಲಕರ ಮಣಿಕಟ್ಟು: ಒಂದು ವೃತ್ತಿರೋಗದ ಚರಿತ್ರೆ

ದುಡಿಮೆಗೂ ಕೈಯ ಬೇನೆಗೂ ಇರುವ ನಂಟನ್ನು ವೈದ್ಯಶಾಸ್ತ್ರವು ಮೋಟಾರು ವಾಹನ ಹುಟ್ಟುವ ಎಷ್ಟೋ ಮೊದಲೇ ಗುರುತಿಸಿತ್ತು. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜ್ಜಿನಿ ಕಸುಬುದಾರರ ರೋಗಗಳನ್ನು ಕುರಿತ ತನ್ನ 1700ರ ಗ್ರಂಥವನ್ನು 1713ರಲ್ಲಿ ವಿಸ್ತರಿಸಿದಾಗ, ದಿನವಿಡೀ ಲೇಖನಿ ಹಿಡಿಯುವ ಗುಮಾಸ್ತರ ಬಲಗೈ ಶಕ್ತಿಗುಂದುವುದನ್ನು ವಿವರಿಸಿದ್ದನು. ಚಾಲಕರ ಕೈಗಳು ಈ ಚರಿತ್ರೆಯೊಳಗೆ ಬಂದದ್ದು ಮಾತ್ರ ಬಹಳ ತಡವಾಗಿ. ರೋಗವನ್ನು ವೈದ್ಯರು ಅರಿತ ಬಗೆಯೂ ಅದನ್ನು ಕಾನೂನು ಅಳೆದ ಬಗೆಯೂ ಇದಕ್ಕೆ ಕಾರಣಗಳಾದವು.

ಮಣಿಕಟ್ಟಿನ ಎಂಟು ಕಿರುಮೂಳೆಗಳಿಗೂ ಅವುಗಳನ್ನು ಅಂಗೈ ಕಡೆಯಿಂದ ಬಿಗಿದಿರುವ ಗಟ್ಟಿಪಟ್ಟಿಗೂ ನಡುವಿನ ಇಕ್ಕಟ್ಟಾದ ದಾರಿಯನ್ನು ಕಾರ್ಪಲ್ ಟನಲ್ ಎನ್ನುತ್ತಾರೆ. ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೊಡನೆ ಮೀಡಿಯನ್ ನರವೂ ಅದರೊಳಗೇ ಹಾಯುವುದರಿಂದ, ಅಲ್ಲಿ ಒತ್ತಡ ಹೆಚ್ಚಿದರೆ ಹೆಬ್ಬೆರಳಿನಿಂದ ಉಂಗುರಬೆರಳಿನ ಅರ್ಧದವರೆಗೆ ಜೋಮು ಹಿಡಿಯುತ್ತದೆ, ಕ್ರಮೇಣ ಹೆಬ್ಬೆರಳಿನ ಬುಡದ ಸ್ನಾಯು ಸೊರಗಿ ಹಿಡಿತ ಸಡಿಲಗೊಳ್ಳುತ್ತದೆ. ಜೇಮ್ಸ್ ಪ್ಯಾಜೆಟ್ 1854ರಲ್ಲಿ ಇದನ್ನು ಮೂಳೆಮುರಿತದ ಪರಿಣಾಮವಾಗಿ ಕಂಡನು. ಬಾಸ್ಟನ್ನಿನ ಜೇಮ್ಸ್ ಪಟ್ನಮ್ 1880ರಲ್ಲಿ ವರ್ಣಿಸಿದ ರೋಗಿಗಳಲ್ಲಿ ಹೆಚ್ಚಿನವರು ಸ್ತ್ರೀಯರು. 1950ರ ದಶಕದಲ್ಲಿ ಈ ರೋಗವನ್ನು ವೈದ್ಯಲೋಕಕ್ಕೆ ಪರಿಚಿತಗೊಳಿಸಿದ ಜಾರ್ಜ್ ಫೇಲನ್ ಕೂಡ ಮಧ್ಯವಯಸ್ಸಿನ ಸ್ತ್ರೀಯರಲ್ಲಿಯೇ ಇದು ಹೆಚ್ಚೆಂದು ಕಂಡು, ವೃತ್ತಿಯ ಪಾತ್ರವನ್ನು ಗೌಣವೆಂದು ಭಾವಿಸಿದನು. ಮಧುಮೇಹ, ಥೈರಾಯ್ಡ್ ಕೊರತೆ, ಗರ್ಭಾವಸ್ಥೆಗಳಲ್ಲಿಯೂ ಇದು ಕಾಣಿಸಿಕೊಳ್ಳುವುದರಿಂದ, ದುಡಿಮೆಯೇ ಕಾರಣವೆಂದು ತೋರಿಸುವುದು ಇಂದಿಗೂ ಸುಲಭವಲ್ಲ.

ಭಾರವಾಹನದ ಸ್ಟೇರಿಂಗ್ ತಿರುಗಿಸಲು ಬೇಕಾಗುವ ಬಲವನ್ನು ವೈದ್ಯರಿಗಿಂತ ಮೊದಲು ಲೆಕ್ಕಕ್ಕೆ ತೆಗೆದುಕೊಂಡವರು ಯಂತ್ರಶಿಲ್ಪಿಗಳು. ಅಮೆರಿಕದ ಪಿಯರ್ಸ್-ಆರೋ ಕಂಪನಿಯ ಟ್ರಕ್ ವಿಭಾಗದಲ್ಲಿದ್ದ ಫ್ರಾನ್ಸಿಸ್ ಡೇವಿಸ್, ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸಲು ನೆರವಾಗುವ ಪವರ್ ಸ್ಟೇರಿಂಗನ್ನು 1926ರಲ್ಲಿ ಪ್ರದರ್ಶಿಸಿದರೂ, ಅದು 1951ರ ಕ್ರೈಸ್ಲರ್ ಇಂಪೀರಿಯಲ್ ಎಂಬ ದುಬಾರಿ ಕಾರಿನ ಮೂಲಕವೇ ಮಾರುಕಟ್ಟೆಗೆ ಬಂದಿತು. ಹಗುರವಾದ ಸ್ಟೇರಿಂಗ್ ತೋಳಿನ ಶ್ರಮವನ್ನು ಇಳಿಸಿತೇ ಹೊರತು, ಗಂಟೆಗಟ್ಟಲೆ ಹಿಡಿದ ಹಿಡಿಯನ್ನೂ ಕಂಪನವನ್ನೂ ಪೂರ್ತಿ ನೀಗಲಿಲ್ಲ. ಕರ್ನಾಟಕದ ನಗರಗಳಲ್ಲಿ ದುಡಿಯುವ ಆಟೋರಿಕ್ಷಾ ಚಾಲಕರಿಗಂತೂ ಸ್ಟೇರಿಂಗ್ ಚಕ್ರದ ಬದಲು ಹ್ಯಾಂಡಲ್ ಇದ್ದು, ಹಳೆಯ ಮಾದರಿಗಳಲ್ಲಿ ಎಡಗೈ ಬೆರಳುಗಳಿಂದ ಕ್ಲಚ್ ಹಿಚುಕುತ್ತ ಅದೇ ಮಣಿಕಟ್ಟನ್ನು ತಿರುವಿ ಗೇರ್ ಬದಲಿಸಬೇಕು. ಬಲ, ಬಾಗುವಿಕೆ, ಕಂಪನಗಳು ಆ ಒಂದೇ ಚಲನೆಯಲ್ಲಿ ಕೂಡುತ್ತವೆ.

ಕಾನೂನಿನ ದೃಷ್ಟಿ ಬಹುಕಾಲ ಬೇರೆಡೆ ಇತ್ತು. ಬ್ರಿಟನ್ 1993ರಲ್ಲಿ ಕಾರ್ಪಲ್ ಟನಲ್ ರೋಗವನ್ನು ಪರಿಹಾರಾರ್ಹ ವೃತ್ತಿರೋಗವೆಂದು ಒಪ್ಪಿದರೂ, ಕೈಯಲ್ಲಿ ಹಿಡಿದು ಬಳಸುವ ಕಂಪಿಸುವ ಯಂತ್ರೋಪಕರಣಗಳಿಗೆ ಅದನ್ನು ಕಟ್ಟಿಹಾಕಿದ್ದರಿಂದ, ವಾಹನವೇ ಉಪಕರಣವಾಗಿದ್ದ ಚಾಲಕ ಹೊರಗುಳಿದನು. ಭಾರತದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆಯ ಮಿತಿಯನ್ನೂ 5 ಗಂಟೆಗೊಮ್ಮೆ ಅರ್ಧ ಗಂಟೆಯ ವಿರಾಮವನ್ನೂ ಗೊತ್ತುಪಡಿಸಿತು. ಆದರೆ ಸಂಸ್ಥೆಯ ನೌಕರರಿಗಾಗಿ ರೂಪುಗೊಂಡ ಈ ಮಿತಿ, ತನ್ನದೇ ಗಾಡಿ ಓಡಿಸುವ ಆಟೋ ಚಾಲಕನನ್ನು ಮುಟ್ಟಲಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2010ರಲ್ಲಿ ಪರಿಷ್ಕರಿಸಿದ ವೃತ್ತಿರೋಗಗಳ ಪಟ್ಟಿಯು ಈ ರೋಗಕ್ಕೆ ಬಲ ಬೇಡುವ ಪುನರಾವರ್ತಿತ ಕೆಲಸ, ಕಂಪನ, ಮಣಿಕಟ್ಟಿನ ಅತಿಯಾದ ಬಾಗು ಎಂಬ ಕಾರಣಗಳನ್ನು ಹೆಸರಿಸಿತೇ ಹೊರತು ಯಾವ ಉಪಕರಣವನ್ನೂ ಹೆಸರಿಸಲಿಲ್ಲ. ಉಪಕರಣದಿಂದ ಚಲನೆಯ ಕಡೆಗೆ ಹೊರಳಿದ ಈ ವ್ಯಾಖ್ಯೆಯಿಂದಾಗಿಯೇ ಚಾಲಕನ ಮಣಿಕಟ್ಟನ್ನು ವೃತ್ತಿರೋಗದ ಪರಿಧಿಯೊಳಗೆ ಪರಿಶೀಲಿಸಲು ಆಧಾರ ದೊರೆಯಿತು.